ಮೂತಿಯ ಲೆಕ್ಕ, ಕಣ್ಣಿನ ಬೆಳಕು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ಕೈಯಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿಯನ್ನು ಹೇಳುತ್ತದೆ ಎಂಬ ಕಾರಣಕ್ಕೆ ಇತಿಹಾಸಕಾರರಿಗೆ ಅದು ದೊಡ್ಡ ದಾಖಲೆ. ಕಲ್ಲನ್ನು ನೆಡಿಸಿದ್ದು ಮಾತ್ರ ಒಂದು ನಾಯಿಯ ನೆನಪಿಗೆ. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ಯೋಧನಿಗೆ ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು, ತಾನೂ ಸತ್ತಿತು. ಕಲ್ಲಿನ ಮೇಲೆ ಆ ಕಾಳಗದ ಕೆತ್ತನೆಯಿದೆ.

ಕನ್ನಡ ನಾಡಿನಲ್ಲಿ ಹೆಸರು ಸಮೇತ ಉಳಿದಿರುವ ಸಾಕುನಾಯಿಯ ಹಳೆಯ ಚಿತ್ರಗಳಲ್ಲಿ ಇದೊಂದು. ಶಿಲ್ಪಿ ನಾಯಿಯನ್ನು ಎದುರಿನಿಂದ ತೋರಿಸಿಲ್ಲ, ಪಕ್ಕದಿಂದ ತೋರಿಸಿದ್ದಾನೆ. ನಾಯಿಯ ಕತೆಯೆಲ್ಲ ಇರುವುದು ಅದರ ಮೂತಿ, ಕತ್ತು, ಬೆನ್ನಿನ ಗೆರೆಯಲ್ಲಿ ಎಂದು ಅವನಿಗೆ ಗೊತ್ತಿತ್ತು. ಇವತ್ತು ಮೊಬೈಲ್ ಹಿಡಿದು ಮನೆಯ ನಾಯಿಯ ಮುಂದೆ ನಿಲ್ಲುವವರಿಗೆ ತಿಳಿಯದೇ ಇರುವುದು ಬಹುಪಾಲು ಇದೇ.

ಅವರು ಮಾಡುವುದೇನು? ಮದುವೆ ಮನೆಯಲ್ಲಿ ನೆಂಟರ ಫೋಟೊ ತೆಗೆಯುವ ಅದೇ ಅಭ್ಯಾಸವನ್ನು ನಾಯಿಯ ಮೇಲೂ ಹೂಡುತ್ತಾರೆ. ನಿಂತಲ್ಲೇ ನಿಂತು, ಫೋನನ್ನು ಮುಖದ ಮುಂದೆ ಹಿಡಿದು, ‘ಏ ಟಾಮಿ, ಇಲ್ನೋಡೋ, ಇಲ್ನೋಡೋ’ ಎಂದು ಹತ್ತು ಸಲ ಕೂಗುವುದು. ಬೆಳಕು ಸಾಲದೆಂದರೆ ಫ್ಲ್ಯಾಶ್ ಹೊಡೆಯುವುದು. ಮನುಷ್ಯನ ಮುಖ ಚಪ್ಪಟೆ. ಅದರ ಮೇಲೆ ಕೂದಲಿಲ್ಲ. ‘ಒಂದ್ನಿಮಿಷ’ ಎಂದರೆ ಅರ್ಥವಾಗುತ್ತದೆ. ನಾಯಿ-ಬೆಕ್ಕುಗಳ ಮುಖ ಉದ್ದ, ಮೈತುಂಬ ತುಪ್ಪಳ, ಕಣ್ಣಿನ ರಚನೆಯೇ ಬೇರೆ, ಒಂದು ನಿಮಿಷ ಎಂದರೆ ಏನೆಂದು ಅವಕ್ಕೆ ಗೊತ್ತಿಲ್ಲ. ಹೊಸಬರ ಚಿತ್ರಗಳು ಸೋಲುವ ಜಾಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಕ್ಯಾಮೆರಾದ ದೋಷಕ್ಕಿಂತ ಪ್ರಾಣಿಯ ಮೈಯನ್ನು ಸರಿಯಾಗಿ ನೋಡದ ದೋಷವೇ ಹೆಚ್ಚು ಕಾಣುತ್ತದೆ.

ಮೊದಲನೆಯದು ಎತ್ತರ. 1946ರಲ್ಲಿ ಎಲಿಯಟ್ ಅರ್ವಿಟ್ ಎಂಬ ಎಳೆಯ ಛಾಯಾಗ್ರಾಹಕನಿಗೆ ನ್ಯೂಯಾರ್ಕಿನಲ್ಲಿ ಹೆಂಗಸರ ಚಪ್ಪಲಿಗಳ ಚಿತ್ರ ತೆಗೆಯುವ ಕೆಲಸ ಬಂತು. ಚಪ್ಪಲಿಯನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವುದು ನಾಯಿ ಎಂದು ಯೋಚಿಸಿ ಆತ ಕ್ಯಾಮೆರಾವನ್ನು ನೆಲಕ್ಕಿಳಿಸಿದ. ಸ್ವೆಟರ್ ತೊಟ್ಟ ಪುಟ್ಟ ಚಿವಾವಾ, ಪಕ್ಕದಲ್ಲಿ ಕಂಬಗಳ ಹಾಗೆ ನಿಂತ ಒಡತಿಯ ಪಾದಗಳು. ಆ ಚಿತ್ರ ಇಂದಿಗೂ ಓಡಾಡುತ್ತಿದೆ. 1974ರ ಅವನ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿಯೂ ಅಷ್ಟೇ: ಟೊಪ್ಪಿ ಹಾಕಿದ ಚಿವಾವಾ ಒಂದು, ಬೂಟು ತೊಟ್ಟ ಹೆಂಗಸಿನ ಕಾಲು ಎರಡು, ಅವುಗಳ ಪಕ್ಕ ಗ್ರೇಟ್ ಡೇನ್ ನಾಯಿಯ ಮುಂಗಾಲು ಎರಡು. ಮೇಲಿನದೇನೂ ಚೌಕಟ್ಟಿನಲ್ಲಿಲ್ಲ. ಚಿವಾವಾದ ಕಣ್ಣಿನ ಮಟ್ಟಕ್ಕೆ ಇಳಿದದ್ದರಿಂದಲೇ ದೊಡ್ಡ ನಾಯಿಗೂ ಮನುಷ್ಯರಿಗೂ ಬರೀ ಕಾಲುಗಳಷ್ಟೇ ಉಳಿದು ತಮಾಷೆ ಹುಟ್ಟಿತು.

ಮುಧೋಳ ನಾಯಿಯ ಭುಜದ ಎತ್ತರ ಎರಡೂಕಾಲು ಅಡಿಯ ಆಸುಪಾಸು. ಅದರ ಮುಂದೆ ಮಂಡಿಯೂರಿದರೆ ಸಾಕು. ಪಗ್ ಒಂದು ಅಡಿಯ ಪ್ರಾಣಿ. ಅದಕ್ಕಾಗಿ ಹೊಟ್ಟೆ ಅಡಿಯಾಗಿ ಮಲಗಬೇಕು. ಮಂಡಿನೋವಿನವರಿಗೂ ದಾರಿಯಿದೆ. ಅಮೆರಿಕದ ಕಲಾವಿದ ವಿಲಿಯಂ ವೆಗ್‌ಮನ್ 1970ರಲ್ಲಿ ಮ್ಯಾನ್ ರೇ ಎಂದು ಹೆಸರಿಟ್ಟು ವೈಮರಾನರ್ ತಳಿಯ ನಾಯಿಯೊಂದನ್ನು ಸಾಕಿಕೊಂಡರು. ಅಲ್ಲಿಂದಾಚೆ ಅವರ ಬದುಕೆಲ್ಲ ಆ ತಳಿಯ ನಾಯಿಗಳ ಚಿತ್ರವೇ. 1979ರಿಂದ ಅವರು ಬಳಸಿದ್ದು ನೂರು ಕಿಲೋ ದಾಟುವ ಭಾರೀ ಪೋಲರಾಯ್ಡ್ ಕ್ಯಾಮೆರಾ. ಅದನ್ನು ಎತ್ತಿಕೊಂಡು ನೆಲಕ್ಕಿಳಿಯುವ ಮಾತೇ ಇಲ್ಲ. ನಾಯಿಯನ್ನೇ ಸ್ಟೂಲಿನ ಮೇಲೆ, ಪೀಠದ ಮೇಲೆ ಕೂರಿಸಿದರು. ಹಳ್ಳಿಮನೆಯ ಜಗಲಿಕಟ್ಟೆ, ಅಪಾರ್ಟ್‌ಮೆಂಟಿನ ಸಿಮೆಂಟ್ ಬೆಂಚು ಇದೇ ಕೆಲಸ ಮಾಡುತ್ತವೆ. ಎತ್ತರದಲ್ಲಿ ಕೂತ ನಾಯಿ ಅತ್ತಿತ್ತ ಓಡುವುದೂ ಕಡಿಮೆ. ಒಂದೇ ಎಚ್ಚರ: ಕಟ್ಟೆ ಜಾರುವಂತಿರಬಾರದು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಇನ್ನು ಮೂತಿ. ಹೊಸಬರು ಹೆಚ್ಚು ಎಡವುವುದು ಇಲ್ಲಿ, ಅದರಲ್ಲೂ ಒಂದಿಷ್ಟು ಕಲಿತ ಹೊಸಬರು.

ಕ್ಯಾಮೆರಾ ಕೊಂಡ ಮೇಲೆ ಬಹಳ ಜನ ಖರೀದಿಸುವ ಎರಡನೇ ಲೆನ್ಸ್ 50 ಮಿ.ಮೀ. ಎಫ್ 1.8 (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅಗ್ಗ, ಹಗುರ, ಹಿನ್ನೆಲೆಯನ್ನು ಚೆನ್ನಾಗಿ ಮಸುಕು ಮಾಡುತ್ತದೆ. ಮನುಷ್ಯರ ಭಾವಚಿತ್ರದಲ್ಲಿ ಅದರ ಫಲ ನೋಡಿ ಖುಷಿಪಟ್ಟವರು ಅದೇ ಎಫ್ 1.8ರಲ್ಲಿ ನಾಯಿಯ ಮುಂದೆ ಕೂರುತ್ತಾರೆ. ಆಮೇಲೆ ನೋಡಿದರೆ ಮೂಗಿನ ತೇವದ ಕಣಕಣವೂ ಸ್ಪಷ್ಟ, ಕಣ್ಣು ಮಂಜು. ಇಲ್ಲವೇ ಕಣ್ಣು ಚೊಕ್ಕ, ಮೂಗೊಂದು ಕರಿಯ ಉಂಡೆ. ಕೈ ಅಲುಗಿತೇನೋ ಎಂದುಕೊಂಡು ಮತ್ತೆ ತೆಗೆದರೂ ಅದೇ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಆರಂಭಿಕರ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಸೆನ್ಸರ್, 50 ಮಿ.ಮೀ. ಲೆನ್ಸ್, ನಾಯಿಯಿಂದ ಒಂದು ಮೀಟರ್ ದೂರ, ಎಫ್ 1.8. ಇಷ್ಟಿದ್ದಾಗ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಸೆಂ.ಮೀ. ಅದರಲ್ಲೂ ಅರ್ಧದಷ್ಟು ಫೋಕಸ್ ಮಾಡಿದ ಜಾಗದ ಹಿಂದಕ್ಕೆ ಹೋಗುತ್ತದೆ. ಕಣ್ಣಿಗೆ ಫೋಕಸ್ ಇಟ್ಟರೆ ಮೂಗಿನ ಕಡೆಗೆ ಉಳಿಯುವುದು ಒಂದೂವರೆ ಸೆಂ.ಮೀ. ಮುಧೋಳ ನಾಯಿಯ ಕಣ್ಣಿನಿಂದ ಮೂಗಿನ ತುದಿಯವರೆಗೆ ನಾಲ್ಕು ಬೆರಳು ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಎಫ್ 5.6ಕ್ಕೆ ಹೋದರೆ ಆಳ 9 ಸೆಂ.ಮೀ. ಆಗುತ್ತದೆ, ಇದೂ ಸಾಲದು. ಅದರ ಬದಲು ಒಂದು ಹೆಜ್ಜೆ ಹಿಂದೆ ಸರಿದು ಎರಡು ಮೀಟರ್ ದೂರದಲ್ಲಿ ಕೂತರೆ ಎಫ್ 2.8ರಲ್ಲೇ ಸುಮಾರು 18 ಸೆಂ.ಮೀ. ಆಳ ಸಿಗುತ್ತದೆ. ದೂರ ಎರಡರಷ್ಟಾದರೆ ಆಳ ನಾಲ್ಕರಷ್ಟಾಗುವುದೇ ಇದರ ಗುಟ್ಟು. ಮುಖ ಚೌಕಟ್ಟಿನಲ್ಲಿ ಚಿಕ್ಕದಾಗುತ್ತದೆ, ನಿಜ. ಈಗಿನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವನ್ನು ಆಮೇಲೆ ಕತ್ತರಿಸಿಕೊಂಡರೂ ಮನೆಯ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಬರುತ್ತದೆ.

ಲೆಕ್ಕವೇ ಬೇಡ ಎನ್ನುವವರಿಗೆ ಆತಕೂರಿನ ಶಿಲ್ಪಿಯ ಉಪಾಯವಿದೆ. ನಾಯಿ ಪಕ್ಕಕ್ಕೆ ತಿರುಗಿದಾಗ ಕಣ್ಣು, ಮೂಗು, ಬಾಯಿಯ ತುದಿ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬರುತ್ತವೆ. ಆಗ ಎಫ್ 1.8ರಲ್ಲೂ ಎಲ್ಲ ಸ್ಪಷ್ಟ, ಹಿನ್ನೆಲೆ ಮಾತ್ರ ಕರಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಗೆ ಇದಕ್ಕಿಂತ ಒಪ್ಪುವ ಕೋನವಿಲ್ಲ. ಎದುರಿನಿಂದ ನೋಡಿದರೆ ಅದು ಬಡಕಲು. ಪಕ್ಕದಿಂದ ನೋಡಿದರೆ ಬಿಲ್ಲಿನಂತೆ ಬಾಗಿದ ಹೊಟ್ಟೆ, ಆಳವಾದ ಎದೆ, ನೀಳ ಕತ್ತು. ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಉಳಿಸಿದ ಈ ತಳಿಯ ಮೇಲೆ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿ ತಂದಿತು. ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಇಂಥ ನಾಯಿ ಓಡತೊಡಗಿದರೆ ಶಟರ್ ಸ್ಪೀಡ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನವಿರಬಾರದು. ಎರಡು ಸಾವಿರದ ಒಂದು ಭಾಗವಾದರೆ ಇನ್ನೂ ಒಳ್ಳೆಯದು. ಕೂತ ನಾಯಿಗೂ 1/250 ಬೇಕು. ನಾಯಿ ಎಷ್ಟೇ ಸುಮ್ಮನೆ ಕೂತಂತೆ ಕಂಡರೂ ಕಿವಿ, ಮೂಗು ಸುಮ್ಮನಿರುವುದಿಲ್ಲ.

ಪಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮುಖದವಕ್ಕೆ ಈ ಕಾಟವಿಲ್ಲ. ಆದರೆ ಪಗ್‌ಗೆ ಸೆಕೆ ತಡೆಯದು. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಅರ್ಧ ಗಂಟೆ ಕುಣಿಸಿ ಚಿತ್ರ ತೆಗೆಯುವುದು ಅಪಾಯ. ಅದು ನಾಲಿಗೆ ಚಾಚಿ ‘ನಗುವ’ ಎಷ್ಟೋ ಚಿತ್ರಗಳಲ್ಲಿ ಪಾಪ, ಏದುಸಿರು ಬಿಡುತ್ತಿರುತ್ತದೆ.

ಮೊಬೈಲಿನವರ ತೊಂದರೆ ಬೇರೆ ಜಾತಿಯದು. ಫೋನಿನ ಮುಖ್ಯ ಕ್ಯಾಮೆರಾ ಸಾಧಾರಣವಾಗಿ 24–26 ಮಿ.ಮೀ.ಗೆ ಸಮನಾದ ವೈಡ್ ಲೆನ್ಸ್. ಹತ್ತಿರ ಹೋದಷ್ಟೂ ಮೂಗು ಊದುತ್ತದೆ, ಕಿವಿ ಕುಗ್ಗುತ್ತದೆ. ಒಂದು ಸಲ ತಮಾಷೆ, ಹತ್ತನೇ ಸಲಕ್ಕೆ ಬೇಸರ. ನಾಲ್ಕೈದು ಅಡಿ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಒತ್ತಿದರೆ ನಾಯಿ ತನ್ನ ಅಸಲು ಮುಖಕ್ಕೆ ಮರಳುತ್ತದೆ. ಪೋರ್ಟ್ರೇಟ್ ಮೋಡ್ ಬಗ್ಗೆಯೂ ಒಂದು ಮಾತು: ಅಲ್ಲಿನ ಮಸುಕು ಲೆನ್ಸಿನದಲ್ಲ, ತಂತ್ರಾಂಶದ್ದು. ಬೆಕ್ಕಿನ ಮೀಸೆ, ಕಿವಿಯ ಅಂಚಿನ ಎಳೆಗೂದಲು ಎಲ್ಲಿ ಮುಗಿದು ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂದು ಅದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅರ್ಧ ಮೀಸೆಯನ್ನೇ ಬೋಳಿಸಿಬಿಡುತ್ತದೆ. ಮಸುಕಿನ ಪ್ರಮಾಣವನ್ನು ತಗ್ಗಿಸಿಕೊಳ್ಳುವುದು ಜಾಣತನ. ಇನ್ನೂ ಸರಳವಾದದ್ದು, ಪ್ರಾಣಿಯನ್ನು ಗೋಡೆಯಿಂದ ಏಳೆಂಟು ಅಡಿ ಮುಂದಕ್ಕೆ ಕರೆತರುವುದು.

ಕಪ್ಪು ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಸಾಮಾನ್ಯ ಕೊರಗಿದೆ: ನಾಯಿ ಎದುರಿಗೆ ಮಿರಿಮಿರಿ ಕಪ್ಪು, ಫೋಟೊದಲ್ಲಿ ಬೂದಿ ಬಳಿದಂತೆ. ಬಿಳಿ ಪೊಮೆರೇನಿಯನ್ ಸಾಕಿದವರದು ಅದರ ಉಲ್ಟಾ: ಸ್ನಾನ ಮಾಡಿಸಿ ಕರೆತಂದ ನಾಯಿ ಫೋಟೊದಲ್ಲಿ ಒಗೆಯದ ಪಂಚೆಯ ಬಣ್ಣ. ಕ್ಯಾಮೆರಾದ ಬೆಳಕಿನ ಮೀಟರ್ ತನ್ನೆದುರಿನ ಜಗತ್ತನ್ನೆಲ್ಲ ಸರಾಸರಿ ಬೂದು ಎಂದು ನಂಬಿಕೊಂಡು ಅಳೆಯುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಂಡರೆ ಕತ್ತಲಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಬಿಳಿ ಕಂಡರೆ ತಗ್ಗಿಸುತ್ತದೆ. ಅದನ್ನು ತಿದ್ದಲು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯಿದೆ. ಕಪ್ಪು ನಾಯಿಗೆ ಮೈನಸ್ ಕಡೆಗೆ ಮೂರನೇ ಎರಡು ಸ್ಟಾಪ್, ಬಿಳಿ ನಾಯಿಗೆ ಪ್ಲಸ್ ಕಡೆಗೆ ಅಷ್ಟೇ, ಬೇಕಾದರೆ ಒಂದು ಸ್ಟಾಪ್. ಮೊಬೈಲಿನಲ್ಲಾದರೆ ಪರದೆಯ ಮೇಲೆ ನಾಯಿಯ ಮುಖವನ್ನು ಒತ್ತಿಹಿಡಿದು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಬೆರಳಿನಿಂದ ಮೇಲೆ ಅಥವಾ ಕೆಳಗೆ ಎಳೆದರಾಯಿತು. ವೆಗ್‌ಮನ್ ಈ ವಿಷಯದಲ್ಲಿ ಅದೃಷ್ಟವಂತರು. ವೈಮರಾನರ್ ನಾಯಿಯ ಬಣ್ಣವೇ ಬೂದು!

ಕಪ್ಪು ತುಪ್ಪಳಕ್ಕೆ ಇನ್ನೊಂದು ಬೇಡಿಕೆಯಿದೆ. ಬೆಳಕು ಎದುರಿನಿಂದ ಬಿದ್ದರೆ ಅದು ನುಂಗಿಬಿಡುತ್ತದೆ. ಪಕ್ಕದಿಂದ ಬಿದ್ದರೆ ಮಾತ್ರ ಹೊಳಪು ಏಳುತ್ತದೆ, ಕೆನ್ನೆಯ ಏರಿಳಿತ ಕಾಣುತ್ತದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳ ಜಗಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸ್ಟುಡಿಯೊ. ಮೇಲೆ ಮಾಡು, ಮೂರು ಕಡೆ ಗೋಡೆ, ಒಂದು ಕಡೆಯಿಂದ ಅಂಗಳದ ತಿಳಿಬೆಳಕು. ನಾಯಿ ಜಗಲಿಯ ಅಂಚಿನಲ್ಲಿ ಕೂತು ಅಂಗಳ ನೋಡುತ್ತಿದ್ದರೆ ಕಣ್ಣಿನಲ್ಲಿ ಬೆಳಕಿನ ಬಿಂದು ತಾನಾಗಿ ಕೂರುತ್ತದೆ. ಆ ಬಿಂದು ಇಲ್ಲದ ಕಣ್ಣಿಗೆ ಚಿತ್ರದಲ್ಲಿ ಜೀವವಿರುವುದಿಲ್ಲ. ಮಟಮಟ ಮಧ್ಯಾಹ್ನ ಬಯಲಿನಲ್ಲಿ ತೆಗೆದ ಚಿತ್ರಗಳ ಗತಿ ಇದೇ: ನೆತ್ತಿಯ ಬಿಸಿಲಿಗೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿಬಿಡುತ್ತದೆ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ನಂತರ, ಇಲ್ಲವೇ ಮೋಡ ಮುಚ್ಚಿದ ಆಷಾಢದ ಹಗಲು. ತುಪ್ಪಳಕ್ಕೆ ಹಿತವಾದ ಹೊತ್ತು ಇವು.

ಬಿಳಿ ಪ್ರಾಣಿಯಾದರೆ ನೆಲವನ್ನೂ ಗಮನಿಸಬೇಕು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ಬೆಕ್ಕನ್ನು ಕೂರಿಸಿ ನೋಡಿ: ಗದ್ದದ ಕೆಳಗೆ, ಎದೆಯ ಮೇಲೆ ತಿಳಿಗೆಂಪು ಛಾಯೆ. ಹುಲ್ಲುಹಾಸಿನ ಮೇಲಾದರೆ ಹಸಿರು. ಬರಿಗಣ್ಣು ಅದನ್ನು ಲೆಕ್ಕಿಸುವುದಿಲ್ಲ, ಕ್ಯಾಮೆರಾ ಲೆಕ್ಕಿಸುತ್ತದೆ. ಹಳೆಯ ಬಿಳಿ ಬೆಡ್‌ಶೀಟ್ ಒಂದನ್ನು ಮುಂದೆ ಹಾಸಿದರೆ ಛಾಯೆ ಹೋಗುತ್ತದೆ, ಗದ್ದದ ಕೆಳಗಿನ ಕತ್ತಲೂ ತಿಳಿಯಾಗುತ್ತದೆ.

ಬೆಕ್ಕಿನ ಕಣ್ಣು ಬೇರೆಯೇ ಅಧ್ಯಾಯ. ಮನುಷ್ಯನ ಕಣ್ಣಿನ ಪಾಪೆ ಪೂರ್ತಿ ಕಿರಿದಾದಾಗಿನದಕ್ಕಿಂತ ಪೂರ್ತಿ ಅಗಲವಾದಾಗ ಸುಮಾರು 15 ಪಟ್ಟು ದೊಡ್ಡದಾಗುತ್ತದೆ. ಬೆಕ್ಕಿನದು 135 ಪಟ್ಟು. ಬಿಸಿಲಿನಲ್ಲಿ ಅದು ಬರೀ ಗೀರು. ಆಗ ತೆಗೆದ ಚಿತ್ರದಲ್ಲಿ ಎಷ್ಟು ಮುದ್ದಿನ ಬೆಕ್ಕೂ ಯಾರನ್ನೋ ಗುರಿಯಿಟ್ಟಂತೆ ಕಾಣುತ್ತದೆ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದರೆ ಪಾಪೆ ಅರಳಿ ದುಂಡಗಾಗುತ್ತದೆ, ಮುಖ ಸೌಮ್ಯವಾಗುತ್ತದೆ. ಹಳದಿ, ಹಸಿರು ಕಣ್ಣಿನ ಬಣ್ಣವೇ ಮುಖ್ಯ ಎನ್ನುವವರು ಬೆಳಕಿಗೇ ಕೂರಿಸಲಿ. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ ಜಾಗ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಫ್ಲ್ಯಾಶ್ ಏಕೆ ಬೇಡ ಎನ್ನುವುದಕ್ಕೂ ಉತ್ತರ ಕಣ್ಣಿನಲ್ಲೇ ಇದೆ. ನಾಯಿ, ಬೆಕ್ಕು, ಹಸುಗಳ ಕಣ್ಣಿನ ಹಿಂಭಾಗದಲ್ಲಿ ಟಪೀಟಮ್ ಎಂಬ ಹೊಳೆಯುವ ಪದರವಿದೆ. ಒಳಗೆ ಬಂದ ಬೆಳಕನ್ನು ಇನ್ನೊಮ್ಮೆ ಹಿಂದಕ್ಕೆ ಹಾಯಿಸಿ, ಕತ್ತಲಲ್ಲೂ ಕಾಣುವಂತೆ ಮಾಡುವ ಏರ್ಪಾಡು. ರಾತ್ರಿ ಬೈಕಿನ ದೀಪಕ್ಕೆ ಬೀದಿನಾಯಿಯ ಕಣ್ಣು ಹೊಳೆಯುವುದು ಇದರಿಂದ. ಎದುರಿನಿಂದ ಹೊಡೆದ ಫ್ಲ್ಯಾಶ್ ಅದೇ ದಾರಿಯಲ್ಲಿ ವಾಪಸು ಬಂದು ಕಣ್ಣನ್ನು ಹಸಿರು ಹಳದಿ ಬಲ್ಬು ಮಾಡುತ್ತದೆ. ಫ್ಲ್ಯಾಶ್ ಬೇಕೇ ಬೇಕಾದರೆ ಅದನ್ನು ಬಿಳಿ ಛಾವಣಿಗೆ ತಿರುಗಿಸಬೇಕು. ಆದರೂ ಕೆಲವು ಪ್ರಾಣಿಗಳು ಬೆಚ್ಚುತ್ತವೆ. ಒಂದು ಸಲ ಬೆಚ್ಚಿದ ಬೆಕ್ಕು ಆ ದಿನ ಮತ್ತೆ ಕೈಗೆ ಸಿಗುವುದಿಲ್ಲ.

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ನಾಯಿ ಕರೆತರುವವರ ಕಡೆ ಒಂದಿಷ್ಟು ಹೊತ್ತು ಕಣ್ಣಿಟ್ಟರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಒಬ್ಬರು ಫೋನ್ ಹಿಡಿದಿರುತ್ತಾರೆ, ಇಬ್ಬರು ಸೀಟಿ ಊದುತ್ತಿರುತ್ತಾರೆ, ಮಗು ಬಿಸ್ಕೆಟ್ ಪೊಟ್ಟಣ ಅಲ್ಲಾಡಿಸುತ್ತಿರುತ್ತದೆ, ಅಜ್ಜ ಹಿಂದಿನಿಂದ ‘ಬ್ರೂನೋ’ ಎಂದು ಕರೆಯುತ್ತಾರೆ. ಬ್ರೂನೋ ಯಾರನ್ನೂ ನೋಡದೆ ಮರದ ಬುಡ ಮೂಸುತ್ತಾನೆ. ಹೆಸರನ್ನು ಕಾರಣವಿಲ್ಲದೆ ಕರೆದಷ್ಟೂ ಅದಕ್ಕೆ ಬೆಲೆ ಕಡಿಮೆ. ಅನುಭವಸ್ಥರು ಸದ್ದನ್ನು ಜಿಪುಣರಂತೆ ಖರ್ಚು ಮಾಡುತ್ತಾರೆ. ಮೊದಲು ಜಾಗ, ಬೆಳಕು, ಫೋಕಸ್ ಎಲ್ಲ ಹೊಂದಿಸಿಕೊಂಡು, ಬೆರಳು ಗುಂಡಿಯ ಮೇಲಿಟ್ಟ ಮೇಲೆ ಒಂದೇ ಒಂದು ಹೊಸ ಸದ್ದು: ಪ್ಲಾಸ್ಟಿಕ್ ಕವರಿನ ಸರಬರ, ಬಾಗಿಲ ಚಿಲಕ, ಹಗ್ಗದ ಕೊಂಡಿಯ ಕಿಣಿಕಿಣಿ. ಕಿವಿ ನೆಟ್ಟಗಾಗುವ ಆ ಒಂದೆರಡು ಸೆಕೆಂಡಿನಲ್ಲಿ ಬರ್ಸ್ಟ್ ಮೋಡಿನಲ್ಲಿ ಎಡೆಬಿಡದೆ ಹತ್ತು ಚಿತ್ರ. ಅದೇ ಸದ್ದು ಮೂರನೇ ಸಲಕ್ಕೆ ನಡೆಯುವುದಿಲ್ಲ. ಅರ್ವಿಟ್ ಕೆಲವೊಮ್ಮೆ ನಾಯಿಗಳತ್ತ ತಾನೇ ಬೊಗಳುತ್ತಿದ್ದ. ಒಡೆಯರ ಮುಖಭಾವವೂ ಆಗ ಚಿತ್ರಯೋಗ್ಯವಾಗಿರುತ್ತಿದ್ದಿರಬೇಕು.

ತಲೆ ವಾಲಿಸಿ ನೋಡುವ ಚಿತ್ರ ಎಲ್ಲರಿಗೂ ಬೇಕು. ಹಂಗೆರಿಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಿಕೆಗಳ ಹೆಸರು ಕಲಿಯುವುದರಲ್ಲಿ ಚುರುಕಾದ ನಾಯಿಗಳು ಆಟಿಕೆಯ ಹೆಸರು ಕೇಳಿದಾಗ ನೂರಕ್ಕೆ 43 ಸಲ ತಲೆ ವಾಲಿಸಿದವು. ಉಳಿದ ಸಾಮಾನ್ಯ ನಾಯಿಗಳು ಎರಡೇ ಸಲ. ಹಾಗಾಗಿ ಬರೀ ಕೀರಲು ಸದ್ದಿಗಿಂತ ನಾಯಿಗೆ ಅರ್ಥವಿರುವ ಮಾತು ಮೇಲು. ‘ಹೊರಗೆ ಹೋಗೋಣ್ವಾ?’ ಎಂದು ಕೇಳಿದರೆ ಎಷ್ಟೋ ನಾಯಿಗಳು ಕುತ್ತಿಗೆ ಓರೆ ಮಾಡುತ್ತವೆ. ಕೇಳಿದ ಮೇಲೆ ಹೊರಗೆ ಕರೆದುಕೊಂಡು ಹೋಗಬೇಕು, ಅದು ಬೇರೆ ಮಾತು.

ಫೋನನ್ನು ಮುಖಕ್ಕೆ ಅಡ್ಡ ಹಿಡಿಯುವ ಅಭ್ಯಾಸವನ್ನೂ ಬಿಡಬೇಕಾಗಿದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2017ರಲ್ಲಿ 24 ನಾಯಿಗಳ ಮುಖದ ಚಲನೆಯನ್ನು ಅಳೆದರು. ಮನುಷ್ಯ ತಮ್ಮ ಕಡೆ ಮುಖ ಮಾಡಿ ನಿಂತಾಗ ಅವು ಹುಬ್ಬೇರಿಸುವುದು, ಮುಖ ಅಲುಗಿಸುವುದು ಹೆಚ್ಚು. ಬೆನ್ನು ಹಾಕಿದಾಗ ಕಡಿಮೆ. ತಿಂಡಿ ತೋರಿಸಿದ್ದರಿಂದ ವ್ಯತ್ಯಾಸವೇನೂ ಆಗಲಿಲ್ಲ. ನಾಯಿಗೆ ಬೇಕಾದ್ದು ಎದುರಿನವರ ಮುಖ. ಕ್ಯಾಮೆರಾದ ಪರದೆಯನ್ನು ಮೇಲಕ್ಕೆ ಮಡಚಿಕೊಂಡು, ಎದೆಯ ಕೆಳಗೆ ಹಿಡಿದು, ನಾಯಿಯ ಕಣ್ಣನ್ನು ನೇರ ನೋಡುತ್ತ ಗುಂಡಿ ಒತ್ತುವುದು ಈಗ ಸುಲಭ. 2019ರಲ್ಲಿ ಸೋನಿ, ಮರುವರ್ಷ ಕ್ಯಾನನ್ ಮತ್ತು ನಿಕಾನ್ ಪ್ರಾಣಿಗಳನ್ನು ತಾವೇ ಗುರುತಿಸಿ ಹಿಂಬಾಲಿಸುವ ಫೋಕಸ್ ವ್ಯವಸ್ಥೆಯನ್ನು ಕ್ಯಾಮೆರಾಗಳಿಗೆ ತಂದವು. ಕಣ್ಣಿಗೆ ಫೋಕಸ್ ಕೂರಿಸುವ ಕೆಲಸ ಯಂತ್ರದ್ದಾದ್ದರಿಂದ ಛಾಯಾಗ್ರಾಹಕ ತಲೆಯೆತ್ತಿ ನೋಡಬಹುದು.

ಬೆಕ್ಕಿನ ಮುಂದೆ ಈ ನೇರ ನೋಟ ನಡೆಯದು. ದಿಟ್ಟಿಸಿದರೆ ಅದಕ್ಕೆ ಬೆದರಿಕೆ ಎನ್ನಿಸುತ್ತದೆ. ಕಣ್ಣನ್ನು ಕಿರಿದು ಮಾಡಿ ನಿಧಾನವಾಗಿ ಮುಚ್ಚಿ ತೆರೆದರೆ ಬೆಕ್ಕೂ ಹಾಗೇ ಮಾಡುತ್ತದೆ, ಹತ್ತಿರ ಬರಲೂ ಒಪ್ಪುತ್ತದೆ ಎಂದು 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ತಂಡ ತೋರಿಸಿಕೊಟ್ಟಿತು. ಬೆಕ್ಕಿನ ಚಿತ್ರಗಳಿಗೇ ಬದುಕು ಮುಡಿಪಿಟ್ಟ ವಾಲ್ಟರ್ ಚಂದೋಹಾ ಅವರ ಕತೆ ಶುರುವಾದದ್ದು ಒಂದು ಅನಾಥ ಬೆಕ್ಕಿನಿಂದ. 1949ರ ಚಳಿಗಾಲದಲ್ಲಿ ನ್ಯೂಯಾರ್ಕಿನ ಹಿಮದಲ್ಲಿ ಸಿಕ್ಕ ಮರಿಯನ್ನು ಕೋಟಿನೊಳಗಿಟ್ಟು ಮನೆಗೆ ತಂದರು. ರಾತ್ರಿಯೆಲ್ಲ ಮನೆತುಂಬ ಹುಚ್ಚೆದ್ದು ಓಡಾಡುತ್ತಿದ್ದುದರಿಂದ ಅದಕ್ಕೆ ಲೋಕೋ (ಹುಚ್ಚ) ಎಂದು ಹೆಸರಿಟ್ಟರು. 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ತೆಗೆದ ಬೆಕ್ಕಿನ ಚಿತ್ರಗಳು 90,000 ದಾಟಿದ್ದವು. ಬೆಕ್ಕಿನ ಮಟ್ಟಕ್ಕೆ ಇಳಿಯುವುದು, ಹಿಂದಿನಿಂದ ಬೆಳಕು ಕೊಟ್ಟು ತುಪ್ಪಳದ ಅಂಚು ಬೆಳಗಿಸುವುದು ಅವರ ಕೈಗುಣ. ಬೆಕ್ಕನ್ನು ಸಂಭಾಳಿಸಲು ಹೆಂಡತಿ ಮರಿಯಾ ಜೊತೆಗಿರುತ್ತಿದ್ದರು. ಒಬ್ಬರೇ ಎಲ್ಲ ಮಾಡಲು ಹೋಗಬೇಡಿ ಎಂಬ ಬುದ್ಧಿವಾದ ಇದರಲ್ಲೇ ಇದೆ.

ಬಟ್ಟೆ ತೊಡಿಸುವ ಹುಚ್ಚು ಹೊಸದೇನಲ್ಲ. ಅಮೆರಿಕದ ಹ್ಯಾರಿ ವಿಟಿಯರ್ ಫ್ರೀಸ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬೆಕ್ಕಿನ ಮರಿಗಳಿಗೆ ಲಂಗ, ಟೊಪ್ಪಿ ಹಾಕಿ ಪೋಸ್ಟ್‌ಕಾರ್ಡುಗಳಿಗೆ ಚಿತ್ರ ತೆಗೆಯುತ್ತಿದ್ದ. ಅಂದಿನ ಕ್ಯಾಮೆರಾಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೆಕ್ಕು ಅಲುಗದೆ ಇರಬೇಕಿತ್ತು. ಮೂರರಲ್ಲಿ ಎರಡು ನೆಗೆಟಿವ್ ಕಸದ ಬುಟ್ಟಿಗೆ. ನರಗಳಿಗೆ ಬೀಳುತ್ತಿದ್ದ ಒತ್ತಡ ತಾಳಲಾರದೆ ಆತ ವರ್ಷಕ್ಕೆ ಮೂರೇ ತಿಂಗಳು ಚಿತ್ರ ತೆಗೆಯುತ್ತಿದ್ದ. ಹುಟ್ಟುಹಬ್ಬಕ್ಕೆ ನಾಯಿಗೆ ಜರಿ ಶಲ್ಯ ಹೊದೆಸಿ ಕೂಲಿಂಗ್ ಗ್ಲಾಸ್ ಹಾಕುವವರು ಬೇಡ ಎಂದರೆ ಕೇಳುವವರಲ್ಲ. ಆದರೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಿವಿ ಹಿಂದಕ್ಕೆ ಮಡಚುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು ಕಂಡರೆ ನಾಯಿಗೆ ಇರಿಸುಮುರಿಸಾಗಿದೆ ಎಂದೇ ಅರ್ಥ. ಮಗುವನ್ನು ನಾಯಿಯ ಕುತ್ತಿಗೆಗೆ ಜೋತುಬೀಳಿಸಿ ತೆಗೆದ ‘ಮುದ್ದಾದ’ ಚಿತ್ರಗಳಲ್ಲಿ ಈ ಗುರುತುಗಳನ್ನು ಹುಡುಕಿ ನೋಡಬೇಕು. ಎದೆ ಝಲ್ ಎನ್ನುತ್ತದೆ. ಆ ಗುರುತು ಕಂಡ ಕೂಡಲೇ ಕ್ಯಾಮೆರಾ ಕೆಳಗಿಡುವುದೊಂದೇ ಸರಿ.

‘777 ಚಾರ್ಲಿ’ ನೋಡಿದ ಮೇಲೆ ಮನೆಯ ನಾಯಿಯಿಂದಲೂ ಅಂಥ ಮುಖಭಾವ ಬಯಸುವವರಿದ್ದಾರೆ. 2022ರಲ್ಲಿ ತೆರೆಕಂಡ ಆ ಚಿತ್ರದ ಹಿಂದೆ ತರಬೇತುದಾರರ ದೀರ್ಘ ದುಡಿಮೆಯಿತ್ತು. ಹೊಸಬರಿಗೆ ‘ಕೂತ್ಕೊ’, ‘ಇರು’ ಎಂಬ ಎರಡು ಮಾತು ನಾಯಿಗೆ ಗೊತ್ತಿದ್ದರೆ ಧಾರಾಳವಾಯಿತು. ಅದೂ ಗೊತ್ತಿಲ್ಲದಿದ್ದರೆ ವಾಕಿಂಗ್ ಮುಗಿಸಿ, ನೀರು ಕುಡಿದು, ಕೊಂಚ ದಣಿದು ಕೂತ ಹೊತ್ತು ಕಾಯಬೇಕು. ಊಟವಾದ ಕೂಡಲೇ ಬಿಸ್ಕೆಟ್ ತೋರಿಸಿದರೆ ಯಾವ ನಾಯಿಯೂ ಕ್ಯಾರೇ ಅನ್ನುವುದಿಲ್ಲ.

ಇಷ್ಟೆಲ್ಲ ಕಲಿತದ್ದು ಮನೆಯ ಗೋಡೆಗಷ್ಟೇ ಉಪಯೋಗವಲ್ಲ. ಬೀದಿಯಿಂದ ರಕ್ಷಿಸಿದ ಮರಿಗಳನ್ನು ದತ್ತು ಕೊಡಲು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಫೋಟೊಗಳು ಹರಿದಾಡುತ್ತವೆ. ಹೆಚ್ಚಿನವು ಬೋನಿನ ಸರಳುಗಳ ಹಿಂದೆ, ಮೇಲಿನಿಂದ, ಟ್ಯೂಬ್‌ಲೈಟಿನಲ್ಲಿ ತೆಗೆದವು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ದತ್ತು ಜಾಲತಾಣಗಳ ನಾಯಿ ಚಿತ್ರಗಳನ್ನು ಪರಿಶೀಲಿಸಿತ್ತು. ಚಿತ್ರ ಮಸುಕಾಗಿರದೆ, ನಾಯಿ ಹೊರಾಂಗಣದಲ್ಲಿ ನಿಂತು ಕ್ಯಾಮೆರಾವನ್ನು ನೋಡುತ್ತಿದ್ದರೆ ಎಳೆಯ ನಾಯಿಗಳು ಬೇಗ ಮನೆ ಸೇರಿದ್ದವು. ಕ್ಯಾಮೆರಾ ಕಲಿಯುವವರಿಗೆ ಹತ್ತಿರದ ಪ್ರಾಣಿರಕ್ಷಣಾ ಕೇಂದ್ರದಷ್ಟು ಒಳ್ಳೆಯ ಅಭ್ಯಾಸದ ಜಾಗ ಇನ್ನೊಂದಿಲ್ಲ. ಕಪ್ಪು, ಕಂದು, ಬಿಳಿ, ಉದ್ದ ಮೂತಿ, ಮೊಂಡು ಮೂತಿ, ಅಂಜುಬುರುಕ, ಪುಂಡ ಎಲ್ಲ ಒಂದೇ ಕಡೆ. ಬೋನಿನಿಂದ ಹೊರಗೆ ಕರೆತಂದು, ಮಂಡಿಯೂರಿ, ಎರಡು ಮೀಟರ್ ದೂರದಿಂದ ತೆಗೆದ ಒಂದು ಚಿತ್ರ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಕೊನೆಗೆ ಆಯ್ಕೆ. ಬರ್ಸ್ಟ್ ಮೋಡಿನಲ್ಲಿ ತೆಗೆದರೆ ಅರ್ಧ ಗಂಟೆಗೆ ಮುನ್ನೂರು ಚಿತ್ರ ಸೇರುವುದು ಮಾಮೂಲು. ಮೊದಲ ಸುತ್ತಿನಲ್ಲಿ ಕಣ್ಣು ಮಸುಕಾದವನ್ನೆಲ್ಲ ಅಳಿಸಬೇಕು, ಎರಡನೆಯದರಲ್ಲಿ ಕಿವಿ, ಬಾಲ, ಪಾದ ಅರ್ಧಕ್ಕೆ ಕತ್ತರಿಸಿದವನ್ನು. ಉಳಿದದ್ದನ್ನು ಮನೆಯವರಿಗೆ ತೋರಿಸಿ, ‘ಇದು ನಮ್ಮ ನಾಯಿಯೇ’ ಎಂದು ಥಟ್ಟನೆ ಅವರು ಬೆರಳಿಟ್ಟದ್ದನ್ನು ಇಟ್ಟುಕೊಂಡರೆ ಸಾಕು. ಅದನ್ನು ಪ್ರಿಂಟ್ ಹಾಕಿಸಲು ಲ್ಯಾಬಿಗೆ ಕೊಡುವಾಗ ಒಂದು ವಿಷಯ ಬಾಯಿಬಿಟ್ಟು ಹೇಳಬೇಕು. ಅಲ್ಲಿನ ಯಂತ್ರಗಳು ಸಾಮಾನ್ಯವಾಗಿ ಪ್ರತಿ ಚಿತ್ರದ ಬಣ್ಣ, ಬೆಳಕನ್ನು ತಾವೇ ತಿದ್ದುತ್ತವೆ. ಕಷ್ಟಪಟ್ಟು ಕಪ್ಪಾಗಿಯೇ ಉಳಿಸಿಕೊಂಡ ನಾಯಿಯನ್ನು ಮತ್ತೆ ಬೂದು ಮಾಡಿ ಕೊಡುತ್ತವೆ. ‘ಕರೆಕ್ಷನ್ ಬೇಡ, ಹೇಗಿದೆಯೋ ಹಾಗೇ ಹಾಕಿ’ ಎಂದು ಕವರಿನ ಮೇಲೆ ಬರೆದುಕೊಟ್ಟು, ದೊಡ್ಡ ಪ್ರಿಂಟಿಗೆ ಮುಂಚೆ ಒಂದು ನಾಲ್ಕು-ಆರು ಇಂಚಿನದನ್ನು ತೆಗೆಸಿ ಹಗಲು ಬೆಳಕಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.